ಲೇಖನಪರೀಕ್ಷೆಯಲ್ಲಿ ಸಮದೃಷ್ಟಿ

ಅನ್ನದಾಸೋಹವೂ ವಿದ್ಯಾದಾಸೋಹವೂ ಲಿಂಗಾಯತ ಮಠಗಳ ಎರಡು ಕಣ್ಣುಗಳು. ಪ್ರಸಾದನಿಲಯದ ಪಂಕ್ತಿಯಲ್ಲಿ ಗೌಡನ ಮಗನೂ ಕೂಲಿಕಾರನ ಮಗನೂ ಒಂದೇ ಸಾಲಿನಲ್ಲಿ ಕುಳಿತು, ಒಂದೇ ಪಾತ್ರೆಯೊಳಗಿನ ಪ್ರಸಾದವನ್ನು ಸ್ವೀಕರಿಸುವರು. ಆದರೆ ಬಡಿಸುವವನು ಎಲ್ಲರಿಗೂ ಒಂದೇ ಸೌಟಿನ ಲೆಕ್ಕವನ್ನು ಹಿಡಿಯುವದಿಲ್ಲ. ಆರು ವರ್ಷದ ಕೂಸಿಗೆ ಬೇಕಾದಷ್ಟು ಬೇರೆ, ಹದಿನಾರು ವರ್ಷದ ತರುಣನಿಗೆ ಬೇಕಾದಷ್ಟು ಬೇರೆ. ಪದಾರ್ಥದಲ್ಲಿ ಭೇದವಿಲ್ಲ, ಪ್ರಮಾಣಕ್ಕೆ ಹಸಿವೆಯೇ ಅಳತೆ. ಇದನ್ನು ಪಕ್ಷಪಾತವೆಂದು ಯಾರೂ ಆಡಿಕೊಳ್ಳುವದಿಲ್ಲ.

ಇದೇ ನ್ಯಾಯವು ಪಂಕ್ತಿಯಿಂದ ಪಾಠಶಾಲೆಗೆ ಬಂದೊಡನೆ ಕಠಿಣವಾಗುವದು. ಮನೆಯಲ್ಲಿ ಮೂರು ತಲೆಮಾರುಗಳಿಂದ ಗ್ರಂಥಗಳನ್ನು ಕಂಡ ಹುಡುಗನೊಬ್ಬನು ಬರೆದ ನಿಬಂಧವೂ, ತನ್ನ ಕುಲದಲ್ಲಿ ತಾನೇ ಮೊದಲು ಲೇಖನಿಯನ್ನು ಹಿಡಿದ ಹುಡುಗನೊಬ್ಬನು ಬರೆದ ನಿಬಂಧವೂ ಉಪಾಧ್ಯಾಯನ ಮುಂದೆ ಒಟ್ಟಿಗೆ ಇರುವವು. ಮೊದಲನೆಯದು ಶುದ್ಧವಾಗಿದೆ, ಶ್ರಮವು ಕಡಿಮೆ. ಎರಡನೆಯದರಲ್ಲಿ ತಪ್ಪುಗಳಿವೆ, ಆದರೆ ಹೋದ ವರ್ಷ ಒಂದು ವಾಕ್ಯವನ್ನೂ ಮುಗಿಸಲಾರದವನು ಈ ವರ್ಷ ಒಂದು ಪುಟವನ್ನು ತುಂಬಿರುವನು. ಇಬ್ಬರಿಗೂ ಒಂದೇ ಅಳತೆಗೋಲನ್ನು ಹಿಡಿದರೆ ಎರಡನೆಯವನ ಮನಸ್ಸು ಮುರಿಯುವದು; ಬೇರೆ ಬೇರೆ ಕೋಲುಗಳನ್ನು ಹಿಡಿದರೆ ಅಳತೆಯೆಂಬ ಮಾತಿಗೇ ಅರ್ಥವುಳಿಯದು. ಈ ಸಂಕಟವು ಹೊಸದಲ್ಲ. ಸಾವಿರ ವರ್ಷಗಳಿಂದ ಹಲವು ದೇಶಗಳ ಅರಸರೂ ಅಧಿಕಾರಿಗಳೂ ಗುರುಗಳೂ ಇದನ್ನು ಬಿಡಿಸಲು ಯತ್ನಿಸಿರುವರು. ಅವರ ಯತ್ನಗಳ ಇತಿಹಾಸವನ್ನು ಅರಿತರೆ ಮಾರ್ಗವು ಕೆಲಮಟ್ಟಿಗೆ ನಿಚ್ಚಳವಾಗುವದು.

ಚೀನ ದೇಶದ ಮುಚ್ಚಿದ ಹೆಸರು

ಲೇಖನಪರೀಕ್ಷೆಯನ್ನು ರಾಜ್ಯದ ಆಧಾರಸ್ತಂಭವನ್ನಾಗಿ ಮಾಡಿದ ಕೀರ್ತಿಯು ಚೀನ ದೇಶಕ್ಕೆ ಸಲ್ಲತಕ್ಕದ್ದು. ಕ್ರಿಸ್ತಶಕ ಏಳನೆಯ ಶತಮಾನದ ಆರಂಭದ ಹೊತ್ತಿಗೆ ಸುಯಿ ವಂಶದ ಅರಸರ ಕಾಲದಲ್ಲಿ ಮೊಳೆತ ಈ ಪದ್ಧತಿಯು ೧೯೦೫ರಲ್ಲಿ ರದ್ದಾಗುವವರೆಗೆ ಸುಮಾರು ೧೩೦೦ ವರ್ಷ ಬಾಳಿತು. ತಾಂಗ ವಂಶದವರ ಕಾಲದಲ್ಲಿ ಪರೀಕ್ಷೆಗೆ ಕೂಡ್ರುವವರು ತಮ್ಮ ಕವನಗಳನ್ನು ಮೊದಲೇ ದೊಡ್ಡ ಮನುಷ್ಯರ ಮನೆಗೆ ಒಯ್ದು ತೋರಿಸಿ, ಅವರ ಶಿಫಾರಸನ್ನು ಪಡೆಯುವ ರೂಢಿಯಿದ್ದಿತು. ಇದರಿಂದ ಬಡವನ ವಿದ್ಯೆಗಿಂತ ಬಲ್ಲಿದನ ಪರಿಚಯವೇ ಹೆಚ್ಚು ತೂಗುತ್ತಿತ್ತು.

ಸುಂಗ ವಂಶದ ಅರಸರು ಇದಕ್ಕೆ ಮದ್ದನ್ನು ಹುಡುಕಿದರು. ೯೯೨ರಲ್ಲಿ ಅರಮನೆಯ ಪರೀಕ್ಷೆಯೊಳಗೆ ಉತ್ತರಪತ್ರದ ಮೇಲಣ ಹೆಸರಿಗೆ ಕಾಗದವನ್ನಂಟಿಸಿ ಮುಚ್ಚುವ ಕಟ್ಟಳೆಯು ಜಾರಿಗೆ ಬಂದಿತು. ಹೆಸರು ಮರೆಯಾದರೂ ಅಕ್ಷರದ ಮೋಡಿಯು ಬರೆದವನನ್ನು ಹಿಡಿದುಕೊಡುವದೆಂಬದು ಬೇಗನೆ ತಿಳಿದುಬಂದದ್ದರಿಂದ, ೧೦೧೫ರಲ್ಲಿ ಉತ್ತರಗಳನ್ನೆಲ್ಲ ಲಿಪಿಕಾರರಿಂದ ಬೇರೆ ಬರೆಯಿಸುವ ಕಚೇರಿಯೇ ಹುಟ್ಟಿತು. ಪರೀಕ್ಷಕನ ಕೈಗೆ ಮೂಲಪ್ರತಿಯ ಬದಲು ಆ ನಕಲು ಹೋಗುತ್ತಿತ್ತು. ಒಬ್ಬ ಪರೀಕ್ಷಕನು ಕೊಟ್ಟ ತೀರ್ಪನ್ನು ಮುಚ್ಚಿ, ಎರಡನೆಯವನಿಗೆ ಅದೇ ಲೇಖನವನ್ನು ಕೊಟ್ಟು, ಇಬ್ಬರ ಅಭಿಪ್ರಾಯಗಳು ಬೇರೆಯಾದರೆ ಮೂರನೆಯವನು ತೂಗಿ ನೋಡುವ ಕ್ರಮವೂ ಇದ್ದಿತು. ಪಕ್ಷಪಾತಕ್ಕೆ ಬಾಗಿಲಿಕ್ಕುವದರಲ್ಲಿ ಇಷ್ಟು ಎಚ್ಚರವು ಆ ಕಾಲದಲ್ಲಿ ಬೇರೆಲ್ಲಿಯೂ ಕಾಣದು.

ಆದರೆ ಹೆಸರನ್ನು ಮುಚ್ಚಿದ ಮಾತ್ರಕ್ಕೆ ನ್ಯಾಯವು ಪೂರ್ತಿಯಾಗುವದೇ? ಈ ಪ್ರಶ್ನೆಗೆ ಮಿಂಗ ವಂಶದ ಮೂಲಪುರುಷನ ಆಳಿಕೆಯಲ್ಲಿ, ೧೩೯೭ರಲ್ಲಿ, ಬಹು ಕಹಿಯಾದ ಉತ್ತರವು ದೊರೆಯಿತು. ಆ ವರ್ಷ ರಾಜಧಾನಿಯ ಪರೀಕ್ಷೆಯಲ್ಲಿ ಉತ್ತೀರ್ಣರಾದವರೆಲ್ಲರೂ ದಕ್ಷಿಣ ಪ್ರಾಂತಗಳವರು, ಉತ್ತರದವನೊಬ್ಬನೂ ಇರಲಿಲ್ಲ. ಉತ್ತರದವರು ಅನ್ಯಾಯವೆಂದು ಕೂಗಿದರು. ಅರಸನು ಉತ್ತರಪತ್ರಗಳನ್ನು ಮರಳಿ ನೋಡಿಸಿದನು. ಮರಳಿ ನೋಡಿದವರೂ ಮೊದಲಿನ ತೀರ್ಪೇ ಸರಿಯೆಂದರು. ಅರಸನ ಕೋಪಕ್ಕೆ ಮಿತಿಯಿಲ್ಲದಾಯಿತು. ಪರೀಕ್ಷಾಕಾರ್ಯದಲ್ಲಿದ್ದ ಕೆಲವರು ಮರಣದಂಡನೆಗೆ ಗುರಿಯಾದರು, ವೃದ್ಧನಾದ ಮುಖ್ಯ ಪರೀಕ್ಷಕ ಲಿಯು ಸಾನ್‌ವು ಎಂಬಾತನು ಗಡೀಪಾರಾದನು. ಪುನಃ ನಡೆದ ಪರೀಕ್ಷೆಯಲ್ಲಿ ಉತ್ತೀರ್ಣರಾದವರೆಲ್ಲರೂ ಉತ್ತರದವರೇ!

ನಿಜಸಂಗತಿಯೇನೆಂದರೆ, ಉತ್ತರ ಪ್ರಾಂತಗಳು ಬಹುಕಾಲ ಯುದ್ಧಗಳಿಂದಲೂ ಪರರಾಜರ ಆಳಿಕೆಯಿಂದಲೂ ಜರ್ಜರವಾಗಿದ್ದವು. ದಕ್ಷಿಣದಲ್ಲಿ ಗ್ರಂಥಗಳೂ ಗುರುಗಳೂ ಸಂಪತ್ತೂ ಹೇರಳವಾಗಿದ್ದವು. ಪರೀಕ್ಷಕರ ತಕ್ಕಡಿಯು ಸುಳ್ಳಾಗಿರಲಿಲ್ಲ. ತಕ್ಕಡಿಗೆ ಬರುವ ಮೊದಲೇ ನೆಲವು ಓರೆಯಾಗಿದ್ದಿತು. ಈ ತತ್ತ್ವವನ್ನು ಮುಂದಿನ ಅರಸರು ಶಾಂತಚಿತ್ತದಿಂದ ಗ್ರಹಿಸಿದರು. ಹತ್ತರಲ್ಲಿ ಆರು ಸ್ಥಾನಗಳು ದಕ್ಷಿಣಕ್ಕೆ, ನಾಲ್ಕು ಉತ್ತರಕ್ಕೆ ಎಂದು ೧೪೨೫ರಲ್ಲಿ ನಿಶ್ಚಯವಾಗಿ, ೧೪೨೭ರ ಪರೀಕ್ಷೆಯಿಂದ ಅದು ಆಚರಣೆಗೆ ಬಂದಿತು. ಮುಂದೆ ನಡುಪ್ರಾಂತಕ್ಕೂ ಒಂದು ಪಾಲು ಸಂದಿತು. ಇಲ್ಲಿ ಗಮನಿಸತಕ್ಕ ಮಾತೊಂದುಂಟು. ಉತ್ತರದವನ ದುರ್ಬಲವಾದ ಲೇಖನವನ್ನು ಪ್ರಬಲವೆಂದು ಬರೆಯಿರೆಂದು ಆ ಕಟ್ಟಳೆಯು ಪರೀಕ್ಷಕನಿಗೆ ಹೇಳಲಿಲ್ಲ. ಹೆಸರು ಮುಚ್ಚಿಯೇ ಇದ್ದಿತು, ಅಳತೆಯು ಒಂದೇ ಆಗಿದ್ದಿತು. ಬದಲಾದದ್ದು ಸ್ಥಾನಗಳ ಹಂಚಿಕೆ ಮಾತ್ರ. ಅಳತೆಯನ್ನು ಕೆಡಿಸದೆ ಅವಕಾಶವನ್ನು ಹಿಗ್ಗಿಸುವ ವಿವೇಕವು ಇದರಲ್ಲಿ ಅಡಗಿದೆ.

ಐಗಳ ಮಠದ ಪದ್ಧತಿ

ಚೀನದ ಪರೀಕ್ಷಕನು ಬರೆದವನ ಮುಖವನ್ನೇ ಕಾಣದವನು. ಕನ್ನಡ ನಾಡಿನ ಹಳೆಯ ಗುರುವಾದರೋ ಶಿಷ್ಯನ ಮುಖವನ್ನು ನೋಡಿಯೇ ಅಳೆಯುವವನು. ಸರಕಾರಿ ಶಾಲೆಗಳು ಹುಟ್ಟುವ ಮುನ್ನ ಹಳ್ಳಿಹಳ್ಳಿಗಳಲ್ಲಿದ್ದ ಕೂಲಿಮಠಗಳನ್ನೂ ಐಗಳ ಮಠಗಳನ್ನೂ ಹಿರಿಯರ ಬಾಯಿಂದ ಕೇಳದ ಭಕ್ತರು ವಿರಳ. ಅವುಗಳ ಒಳಗಿನ ವ್ಯವಸ್ಥೆಯನ್ನು ತಿಳಿಸುವ ಒಂದು ಉತ್ತಮ ದಾಖಲೆಯು ಬಳ್ಳಾರಿ ಜಿಲ್ಲೆಯದು. ಮದರಾಸಿನ ಗವರ್ನರ ಸರ್ ಥಾಮಸ್ ಮನ್ರೋ ಅವರು ೧೮೨೨ರಲ್ಲಿ ದೇಶೀಯ ವಿದ್ಯಾಭ್ಯಾಸದ ಸ್ಥಿತಿಯನ್ನು ತಿಳಿಯಬಯಸಿದಾಗ, ಬಳ್ಳಾರಿಯ ಕಲೆಕ್ಟರ ಕ್ಯಾಂಬೆಲ್ ಎಂಬವರು ೧೮೨೩ರಲ್ಲಿ ವಿಸ್ತಾರವಾದ ವರದಿಯನ್ನು ಕಳುಹಿದರು. ಆಗಿನ ಆ ಜಿಲ್ಲೆಯೊಳಗೆ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಲಿಂಗಾಯತರ ಮಕ್ಕಳು ಓದುತ್ತಿದ್ದ ಗ್ರಂಥಗಳಲ್ಲಿ ಬಸವಪುರಾಣ, ಗಿರಿಜಾಕಲ್ಯಾಣ, ಚನ್ನಬಸವೇಶ್ವರ ಪುರಾಣಗಳ ಹೆಸರುಗಳು ಆ ವರದಿಯಲ್ಲಿ ಕಾಣುವವು.

ಆ ಶಾಲೆಗಳಲ್ಲಿ ಮಕ್ಕಳನ್ನು ಅವರವರ ತಿಳಿವಿಗೆ ತಕ್ಕಂತೆ ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಿದ್ದರು. ಕೆಳಗಿನ ವರ್ಗಗಳನ್ನು ದೊಡ್ಡ ಹುಡುಗರು ನೋಡಿಕೊಳ್ಳುವರು. ಮೇಲಿನವರನ್ನು ಗುರುವು ತಾನೇ ಕಲಿಸುತ್ತ, ಇಡೀ ಶಾಲೆಯ ಮೇಲೆ ಒಂದು ಕಣ್ಣಿಡುವನು. ಮರಳಿನಲ್ಲಿ ಬೆರಳಿನಿಂದ ತಿದ್ದುವ ಕೂಸು ಎಂದು ಮೇಲಿನ ವರ್ಗಕ್ಕೆ ಏರಬೇಕೆಂಬದಕ್ಕೆ ಪಂಚಾಂಗದ ತಿಥಿಯಿರಲಿಲ್ಲ. ಅದರ ಶಕ್ತಿಯೂ ಪ್ರಗತಿಯೂ ಅದನ್ನು ನಿಶ್ಚಯಿಸುತ್ತಿದ್ದವು. ಚುರುಕಾದವನು ಕಾಯಬೇಕಾಗಿರಲಿಲ್ಲ, ನಿಧಾನದವನು ಓಡಬೇಕಾಗಿರಲಿಲ್ಲ. ಹಿರಿಯ ಶಿಷ್ಯನು ಕಿರಿಯನಿಗೆ ಕಲಿಸುವ ಇಂಥ ದೇಶೀಯ ಪದ್ಧತಿಯನ್ನೂ ಮರಳಿನ ಬರೆಹವನ್ನೂ ಮದರಾಸಿನಲ್ಲಿ ಕಂಡ ಡಾಕ್ಟರ ಆಂಡ್ರೂ ಬೆಲ್ಲರು ಹದಿನೆಂಟನೆಯ ಶತಮಾನದ ಕೊನೆಗೆ ಅವನ್ನು ಇಂಗ್ಲಂಡಕ್ಕೆ ಒಯ್ದು ಪ್ರಚುರಪಡಿಸಿದರು. ಅಲ್ಲಿ ಅದಕ್ಕೆ ಮದರಾಸು ಪದ್ಧತಿಯೆಂಬ ಹೆಸರೇ ಉಳಿಯಿತು.

ಹಾಗೆಂದು ಆ ಮಠಗಳನ್ನು ಬರಿದೆ ಹೊಗಳುವದು ಸತ್ಯಕ್ಕೆ ಕುಂದು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಕೈಯಲ್ಲಿ ಸೊನ್ನೆ. ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಂತೆ ಪೆಟ್ಟುಗಳು ಏರುವವು. ದೂರದ ಮನೆಯ ಹುಡುಗನೂ ತಾಯಿಗೆ ನೀರು ತಂದುಕೊಟ್ಟು ಬರುವ ಹುಡುಗನೂ ಈ ಲೆಕ್ಕದಲ್ಲಿ ಸೋಮಾರಿಗಳೇ ಆಗುತ್ತಿದ್ದರು. ಅರ್ಥವರಿಯದೆ ಬಾಯಿಪಾಠ ಮಾಡುವದು ಹೆಚ್ಚಾಗಿದ್ದಿತೆಂದು ಕ್ಯಾಂಬೆಲ್ಲರೇ ಹೇಳಿರುವರು. ೬,೬೪೧ ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ ೬೦ ಮಂದಿ. ಇದಲ್ಲದೆ ಗುರುವಿನ ಮಾತೊಂದೇ ಪ್ರಮಾಣವಾದ್ದರಿಂದ, ಅವನ ಪ್ರೀತಿಗೂ ಅಪ್ರೀತಿಗೂ ಮೇಲೆ ವಿಚಾರಿಸುವವರಿರಲಿಲ್ಲ. ಶಿಷ್ಯನನ್ನು ಬಲ್ಲ ಕಣ್ಣು ಇಲ್ಲಿದ್ದಿತು, ಮುಖ ನೋಡದ ತಕ್ಕಡಿಯಿರಲಿಲ್ಲ. ಚೀನದಲ್ಲಿ ತಕ್ಕಡಿಯಿದ್ದಿತು, ಕಣ್ಣಿರಲಿಲ್ಲ.

ಸರಕಾರಿ ಇಯತ್ತೆಗಳು

ಆಂಗ್ಲರ ಆಳಿಕೆಯಲ್ಲಿ ತಕ್ಕಡಿಯ ಪಕ್ಷವೇ ಗೆದ್ದಿತು. ೧೮೫೫ರಿಂದ ಇಂಡಿಯದ ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆಯು ಆರಂಭವಾಯಿತು. ೧೮೫೭ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾದವು; ಅವು ಮೊದಮೊದಲು ಕಲಿಸುವ ಸಂಸ್ಥೆಗಳಾಗಿರದೆ ಪರೀಕ್ಷಿಸುವ ಸಂಸ್ಥೆಗಳಾಗಿದ್ದವು. ೧೮೫೮ರಲ್ಲಿ ಕಲಕತ್ತೆಯ ಪ್ರಥಮ ಬಿ.ಎ. ಪರೀಕ್ಷೆಯಲ್ಲಿ ಪೂರ್ಣವಾಗಿ ತೇರ್ಗಡೆಯಾದವನೊಬ್ಬನೂ ಇರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಕಡಿಮೆಬಿದ್ದ ಇಬ್ಬರಿಗೆ ಕೃಪಾಂಕಗಳನ್ನು ಕೊಟ್ಟು ಎರಡನೆಯ ವರ್ಗದಲ್ಲಿ ಪದವಿಯನ್ನಿತ್ತರು. ಅವರಲ್ಲೊಬ್ಬರು ಬಂಕಿಮಚಂದ್ರ ಚಟರ್ಜಿಯವರು. ಇವರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರ ಭಾಷಾಂತರಗಳಲ್ಲಿ ಕನ್ನಡಿಗರು ಓದಿ ನಲಿದದ್ದುಂಟು. ಭರತಖಂಡದ ಶ್ರೇಷ್ಠ ಲೇಖಕರಲ್ಲೊಬ್ಬರು ಕೃಪೆಯಿಂದ ಪಾಸಾದರೆಂಬ ಸಂಗತಿಯು ಪರೀಕ್ಷೆಯ ಅಳತೆಗೆ ಸಿಕ್ಕದ ಶಕ್ತಿಗಳಿರುವವೆಂಬದನ್ನು ಸಾರುವದು.

ಪ್ರಾಥಮಿಕ ಶಾಲೆಗಳ ಪಾಡು ಇನ್ನೂ ವಿಚಿತ್ರವಾದದ್ದು. ಇಂಗ್ಲಂಡದಲ್ಲಿ ೧೮೬೨ರಲ್ಲಿ ರಾಬರ್ಟ ಲೋ ಎಂಬ ಮಂತ್ರಿಯು ಫಲಾನುಸಾರ ವೇತನದ ಕಟ್ಟಳೆಯನ್ನು ತಂದನು. ಮಕ್ಕಳನ್ನು ಆರು ಇಯತ್ತೆಗಳಲ್ಲಿ ನಿಲ್ಲಿಸಿ, ಓದು ಬರೆಹ ಲೆಕ್ಕಗಳಲ್ಲಿ ಇನ್ಸ್ಪೆಕ್ಟರನು ಒಬ್ಬೊಬ್ಬರನ್ನೇ ಪರೀಕ್ಷಿಸಬೇಕು. ಪಾಸಾದ ತಲೆಗಳನ್ನೆಣಿಸಿ ಶಾಲೆಗೆ ಹಣವನ್ನು ಕೊಡಬೇಕು. ಈ ತತ್ತ್ವವು ಅದೇ ದಶಕದಲ್ಲಿ ಮುಂಬಯಿ ಇಲಾಖೆಯ ಧನಸಹಾಯದ ನಿಯಮಗಳಲ್ಲಿಯೂ ಸೇರಿತು. ಮೇಲುನೋಟಕ್ಕೆ ಇದು ಶುದ್ಧ ನ್ಯಾಯವೇ. ಪರಿಣಾಮವಾದರೋ ವಿಪರೀತ. ನಿಶ್ಚಯವಾಗಿ ಪಾಸಾಗುವ ಜಾಣನ ಮೇಲೆ ಉಪಾಧ್ಯಾಯನು ಶ್ರಮಪಡಬೇಕಾಗಿಲ್ಲ. ನಿಶ್ಚಯವಾಗಿ ನಪಾಸಾಗುವ ಮಂದನ ಮೇಲೆ ಪಟ್ಟ ಶ್ರಮಕ್ಕೆ ಕಾಸಿಲ್ಲ. ಗಡಿಯ ಮೇಲೆ ನಿಂತ ನಾಲ್ವರೇ ಅವನ ಲಕ್ಷ್ಯಕ್ಕೆ ಪಾತ್ರರು. ಪುಸ್ತಕವನ್ನು ಬಾಯಿಪಾಠ ಮಾಡಿಸಿ ಇನ್ಸ್ಪೆಕ್ಟರನ ಮುಂದೆ ನಿಲ್ಲಿಸುವ ಚಾಳಿಯು ಬೆಳೆಯಿತು. ಸ್ವತಃ ಇನ್ಸ್ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡರು ಇದನ್ನು ಬಲವಾಗಿ ಖಂಡಿಸಿದರು. ಇಂಗ್ಲಂಡದಲ್ಲಿ ಆ ಶತಮಾನ ಮುಗಿಯುವದರೊಳಗೆ ಅದು ಅಳಿಯಿತು; ಇಂಡಿಯ ಸರಕಾರವೂ ೧೯೦೪ರ ವಿದ್ಯಾಭ್ಯಾಸದ ನಿರ್ಣಯದಲ್ಲಿ ಅದನ್ನು ಕೈಬಿಡುವ ಮತವನ್ನು ಪ್ರಕಟಿಸಿತು.

ಕನ್ನಡ ಮಕ್ಕಳಿಗೆ ಇನ್ನೊಂದು ಓರೆನೆಲವೂ ಇದ್ದಿತು. ಮುಂಬಯಿ ಇಲಾಖೆಯ ಕನ್ನಡ ಸೀಮೆಯಲ್ಲಿ ಬಹುಕಾಲ ಮರಾಠಿಯದೇ ಪ್ರಾಬಲ್ಯ. ಮನೆಯಲ್ಲಿ ಆಡದ ಭಾಷೆಯಲ್ಲಿ ಬರೆದ ಮಗುವಿನ ಬರೆಹವನ್ನು ಅಳೆದರೆ, ಅಳೆದದ್ದು ಬುದ್ಧಿಯನ್ನೋ ಭಾಷೆಯ ಅಪರಿಚಯವನ್ನೋ ಹೇಳಬರುವಂತಿಲ್ಲ. ಡೆಪ್ಯುಟಿ ಚನ್ನಬಸಪ್ಪನವರು (೧೮೩೪–೧೮೮೧) ಕನ್ನಡ ಶಾಲೆಗಳಿಗಾಗಿ ಪಟ್ಟ ಪಾಡು ಭಾಷಾಭಿಮಾನದ ಕಾರ್ಯವಷ್ಟೇ ಅಲ್ಲ, ನ್ಯಾಯವಾದ ಪರೀಕ್ಷೆಗೆ ಹಾಕಿದ ಅಡಿಗಲ್ಲೂ ಹೌದು. ಮುಂದೆ ೧೮೮೩ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಕಟ್ಟಿದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, ೧೯೧೬ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿ, ೧೯೧೭ರಲ್ಲಿ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು ತೆರೆದ ಸಂಸ್ಕೃತ ಪಾಠಶಾಲೆ, ನಾಡಿನ ಅನೇಕ ಮಠಗಳ ಪ್ರಸಾದನಿಲಯಗಳು — ಇವೆಲ್ಲ ಆ ಓರೆನೆಲವನ್ನು ಸಮಮಾಡುವ ಕೆಲಸವನ್ನೇ ಕೈಕೊಂಡವು. ಅಂಕಗಳನ್ನು ಹೆಚ್ಚಿಸಿರೆಂದು ಅವು ಯಾವ ಪರೀಕ್ಷಕನನ್ನೂ ಬೇಡಲಿಲ್ಲ. ಪರೀಕ್ಷೆಗೆ ಮುಂಚೆ ಬೇಕಾದ ಅನ್ನವನ್ನೂ ದೀಪವನ್ನೂ ಪುಸ್ತಕವನ್ನೂ ಕೊಟ್ಟವು.

ಪರೀಕ್ಷಕರ ಪರೀಕ್ಷೆ

ಇಷ್ಟಾದ ಮೇಲೆ ಒಂದು ಮೂಲಪ್ರಶ್ನೆಯು ಉಳಿಯಿತು. ಹೆಸರನ್ನು ಮುಚ್ಚಿ, ನೆಲವನ್ನು ಸಮಮಾಡಿದರೂ, ತೂಗುವವನ ಕೈ ಸ್ಥಿರವಾಗಿರುವದೇ? ಇಂಗ್ಲಂಡದ ಪಂಡಿತ ಎಜ್‌ವರ್ತರು ೧೮೮೮ರಲ್ಲಿ ಪರೀಕ್ಷೆಗಳ ಅಂಕಗಳನ್ನು ಗಣಿತಶಾಸ್ತ್ರದ ಒರೆಗೆ ಹಚ್ಚಿದರು. ಒಂದೇ ಲ್ಯಾಟಿನ್ ಲೇಖನವನ್ನು ನಿಪುಣರಾದ ೨೮ ಪರೀಕ್ಷಕರು ತೂಗಿದಾಗ ಒಬ್ಬನು ೪೫ ಅಂಕಗಳನ್ನೂ ಇನ್ನೊಬ್ಬನು ೧೦೦ ಅಂಕಗಳನ್ನೂ ಕೊಟ್ಟದ್ದು ಕಂಡುಬಂದಿತು. ಅಮೇರಿಕದಲ್ಲಿ ೧೯೧೨ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬವರು ಇಂಗ್ಲಿಷ್ ಉತ್ತರಪತ್ರಗಳೆರಡನ್ನು ಅನೇಕ ಶಾಲೆಗಳಿಗೆ ಕಳುಹಿ, ೧೪೨ ಉಪಾಧ್ಯಾಯರ ತೀರ್ಪುಗಳನ್ನು ಕೂಡಿಸಿದರು. ಒಂದು ಪತ್ರಕ್ಕೆ ಬಂದ ಅಂಕಗಳು ೬೪ರಿಂದ ೯೮ರವರೆಗೆ, ಮತ್ತೊಂದಕ್ಕೆ ಅದಕ್ಕಿಂತಲೂ ಅಗಲವಾಗಿ ಹರಡಿದವು. ಭಾಷೆಯಲ್ಲವೇ, ಅಭಿರುಚಿಯ ಮಾತೆಂದು ಕೆಲವರು ತಳ್ಳಿಹಾಕಬಹುದೆಂದು, ಮರುವರ್ಷ ಅವರು ರೇಖಾಗಣಿತದ ಪತ್ರವನ್ನು ಕಳುಹಿದರು. ಅಲ್ಲಿ ಅಂತರವು ಇನ್ನೂ ಹೆಚ್ಚಾಯಿತು!

ಇವೆಲ್ಲಕ್ಕಿಂತ ಎಚ್ಚರಿಸುವ ಸಂಗತಿಯು ೧೯೩೫ರದು. ಢಾಕ್ಕಾ ವಿಶ್ವವಿದ್ಯಾಲಯದ ಮೊದಲನೆಯ ವೈಸ್ ಚಾನ್ಸೆಲರರಾಗಿದ್ದ ಸರ್ ಫಿಲಿಪ್ ಹಾರ್ಟಾಗರು ರೋಡ್ಸ್ ಎಂಬವರೊಡಗೂಡಿ ಪ್ರಕಟಿಸಿದ ಗ್ರಂಥದಲ್ಲಿ ೧೫ ಇತಿಹಾಸ ಪತ್ರಗಳ ಕಥೆಯಿದೆ. ಅವೆಲ್ಲವೂ ಮೊದಲು ಸಮನಾದ ಅಂಕಗಳನ್ನು ಪಡೆದವು. ಅವನ್ನು ಅನುಭವಿಗಳಾದ ಪರೀಕ್ಷಕರು ತೂಗಿದರು. ಒಂದು ವರ್ಷಕ್ಕೆ ಮಿಕ್ಕಿದ ಕಾಲ ಕಳೆದ ಮೇಲೆ ಅವರಲ್ಲಿ ೧೪ ಮಂದಿ ಅವೇ ಪತ್ರಗಳನ್ನು ಪುನಃ ತೂಗಿದರು. ಒಟ್ಟು ೨೧೦ ತೀರ್ಪುಗಳಲ್ಲಿ ೯೨ ಸಲ ನಪಾಸು, ಪಾಸು, ಉತ್ತಮವೆಂಬ ವರ್ಗವೇ ಬದಲಾಯಿತು. ಒಬ್ಬನಿಗೂ ಮತ್ತೊಬ್ಬನಿಗೂ ಭೇದವಾದರೆ ಸೋಜಿಗವಿಲ್ಲ. ಇಲ್ಲಿ ಅದೇ ಮನುಷ್ಯನು ತನಗೆ ತಾನೇ ಒಪ್ಪಲಿಲ್ಲ. ಹುಡುಗನೊಬ್ಬನ ಜೀವಮಾನದ ದಾರಿಯು ಇಂಥ ಕೈಯ ನಡುಕದ ಮೇಲೆ ನಿಂತಿರುವದನ್ನು ನೆನೆದರೆ ಎದೆಯು ಝಲ್ಲೆನ್ನುವದು.

ಇದಕ್ಕೆ ಪರಿಹಾರವನ್ನೂ ಜನರು ಯೋಚಿಸಿರುವರು. ಇಂಗ್ಲಂಡದ ಗ್ರೀನಿಚ್ ಹಾಸ್ಪಿಟಲ್ ಶಾಲೆಯ ಪಾದ್ರಿ ಜಾರ್ಜ್ ಫಿಶರರು ಬರೆವಣಿಗೆಯ ಮಾದರಿಗಳನ್ನು ಮಟ್ಟಗಳಿಗನುಸಾರ ಒಂದು ಪುಸ್ತಕದಲ್ಲಿ ಜೋಡಿಸಿದ್ದ ಸಂಗತಿಯು ೧೮೬೪ರಲ್ಲಿ ಬೆಳಕಿಗೆ ಬಂದಿತು. ಹೊಸ ಹುಡುಗನ ಬರೆಹವನ್ನು ಆ ಮಾದರಿಗಳ ಪಕ್ಕದಲ್ಲಿಟ್ಟು, ಯಾವದಕ್ಕೆ ಹೋಲುವದೋ ಆ ಮಟ್ಟವನ್ನು ಕೊಡುವದು ಅವರ ಕ್ರಮ. ಅಮೇರಿಕದ ಥಾರ್ನ್‌ಡೈಕರು ೧೯೧೦ರಲ್ಲಿ ಕೈಬರೆಹಕ್ಕೂ, ಹಿಲೆಗಾಸರು ೧೯೧೨ರಲ್ಲಿ ನಿಬಂಧಗಳಿಗೂ ಇದೇ ಬಗೆಯ ಮಾದರಿಯ ಮಾಲೆಗಳನ್ನು ಸಿದ್ಧಪಡಿಸಿದರು. ಥರ್ಸ್ಟನ್ನರು ೧೯೨೭ರಲ್ಲಿ ಎರಡೆರಡನ್ನೇ ಹೋಲಿಸಿ ಮೇಲುಕೀಳನ್ನು ನಿರ್ಣಯಿಸುವ ತತ್ತ್ವವನ್ನು ಪ್ರತಿಪಾದಿಸಿದರು. ೧೯೪೯ರಲ್ಲಿ ಇಂಗ್ಲಂಡದ ವೈಸ್‌ಮನ್ನರು, ನಾಲ್ವರು ಪ್ರತ್ಯೇಕವಾಗಿ ಬೇಗನೆ ಓದಿ ಕೊಟ್ಟ ಅಂಕಗಳನ್ನು ಕೂಡಿಸಿದರೆ ವಿಶ್ವಾಸಾರ್ಹವಾದ ತೀರ್ಪು ಬರುವದೆಂದು ತೋರಿಸಿದರು. ಮನುಷ್ಯನ ಮನಸ್ಸು ಶೂನ್ಯದಲ್ಲಿ ತೂಗಲಾರದು. ಪಕ್ಕದಲ್ಲೊಂದು ಮಾದರಿಯೂ ಜೊತೆಯಲ್ಲೊಬ್ಬ ಸಾಕ್ಷಿಯೂ ಇದ್ದರೆ ಚೆನ್ನಾಗಿ ತೂಗುವದು.

ಎರಡು ಲೆಕ್ಕಗಳು

ಈ ದೀರ್ಘ ಇತಿಹಾಸದಿಂದ ಏಳುವ ಸಾರವಿಷ್ಟು. ಉಪಾಧ್ಯಾಯನ ಬಳಿಯಲ್ಲಿ ಎರಡು ಲೆಕ್ಕದ ಪುಸ್ತಕಗಳಿರಬೇಕು. ಒಂದರ ಬಾಕಿಯನ್ನು ಮತ್ತೊಂದಕ್ಕೆ ಎಳೆಯಬಾರದು.

ಮೊದಲನೆಯದು ತಕ್ಕಡಿಯ ಲೆಕ್ಕ. ವರ್ಗದಿಂದ ವರ್ಗಕ್ಕೆ ಏರಿಸುವಾಗ, ಬಹುಮಾನವನ್ನೋ ವಿದ್ಯಾರ್ಥಿವೇತನವನ್ನೋ ಕೊಡುವಾಗ, ಪ್ರಮಾಣಪತ್ರವನ್ನು ಬರೆಯುವಾಗ ಇದು ಬೇಕು. ಇಲ್ಲಿ ಹೆಸರು ಮುಚ್ಚಿರಲಿ. ಓದತೊಡಗುವ ಮೊದಲೇ ಉತ್ತಮ, ಮಧ್ಯಮ, ಸಾಧಾರಣಗಳ ಮಾದರಿಗಳು ಮುಂದಿರಲಿ. ಒಬ್ಬನ ಪತ್ರವನ್ನು ಪೂರ್ತಿ ಮುಗಿಸಿ ಇನ್ನೊಬ್ಬನದಕ್ಕೆ ಹೋಗದೆ, ಒಂದು ಪ್ರಶ್ನೆಗೆ ಎಲ್ಲರೂ ಬರೆದ ಉತ್ತರಗಳನ್ನು ನೋಡಿ ಮುಗಿಸಿ, ಆಮೇಲೆ ಮುಂದಿನ ಪ್ರಶ್ನೆಗೆ ಹೋಗಲಿ. ಬಹು ಸೊಗಸಾದ ಲೇಖನದ ಬೆನ್ನಿಗೆ ಓದಿದ ಸಾಮಾನ್ಯ ಲೇಖನವು ಇದ್ದುದಕ್ಕಿಂತ ಕೀಳಾಗಿ ಕಾಣುವದೆಂಬದನ್ನೂ, ದುಂಡಾದ ಅಕ್ಷರವು ಟೊಳ್ಳು ವಿಚಾರವನ್ನು ಮರೆಸುವದೆಂಬದನ್ನೂ ಮರೆಯದಿರಲಿ. ಗಡಿಯ ಮೇಲಿರುವ ಪತ್ರವನ್ನು ಎರಡನೆಯವರೊಬ್ಬರು ನೋಡಲಿ. ಈ ಲೆಕ್ಕದಲ್ಲಿ ಕರುಣೆಯಿಂದ ಅಂಕಗಳನ್ನು ಸುರಿಯುವದು ಕರುಣೆಯಲ್ಲ. ಬಾರದ್ದನ್ನು ಬಂದಿದೆಯೆಂದು ಬರೆದುಕೊಟ್ಟರೆ, ಆ ಹುಡುಗನು ಮುಂದಿನ ವರ್ಗದಲ್ಲಿ ಒಬ್ಬನೇ ಮುಳುಗುವನು. ಅಂಕ ಕೊಟ್ಟವರು ಆಗ ದಡದಲ್ಲಿ ಸಹ ಇರುವದಿಲ್ಲ.

ಎರಡನೆಯದು ಕಣ್ಣಿನ ಲೆಕ್ಕ. ದಿನದಿನದ ಬರೆವಣಿಗೆಯನ್ನು ತಿದ್ದುವಾಗ ಇದು ಬೇಕು. ಇಲ್ಲಿ ಹೆಸರು ತೆರೆದಿರಬೇಕು. ಹುಡುಗನ ಮನೆ, ಆಡುಮಾತು, ಹಿಂದಿನ ತಿಂಗಳ ವಹಿ, ಎಲ್ಲವೂ ತಿಳಿದಿರಬೇಕು. ಅಳತೆಯು ಪಕ್ಕದ ಹುಡುಗನಲ್ಲ, ಅವನದೇ ನಿನ್ನೆಯ ಬರೆಹ. ಇಪ್ಪತ್ತು ತಪ್ಪುಗಳಿದ್ದ ವಹಿಯಲ್ಲಿ ಎಲ್ಲಕ್ಕೂ ಕೆಂಪುಶಾಯಿಯನ್ನು ಎರಚಿದರೆ ಹುಡುಗನು ಯಾವದನ್ನೂ ತಿದ್ದಿಕೊಳ್ಳನು. ಈ ವಾರ ಒತ್ತಕ್ಷರ, ಮುಂದಿನ ವಾರ ವಾಕ್ಯದ ಪೂರ್ಣತೆ ಎಂದು ಒಂದೊಂದನ್ನೇ ಹಿಡಿದು ತೋರಿಸಿದರೆ ತಿದ್ದಿಕೊಳ್ಳುವನು. ಜಾಣನಿಗೂ ಈ ಲೆಕ್ಕವು ಬೇಕು. ವರ್ಗದಲ್ಲಿ ಮೊದಲನೆಯವನಾಗಿಯೂ ನಿನ್ನೆಗಿಂತ ಒಂದಂಗುಲ ಮುಂದೆ ಹೋಗದವನಿಗೆ ಅದನ್ನು ತಿಳಿಯಹೇಳದಿರುವದು ಗುರುದ್ರೋಹಕ್ಕೆ ಸಮನಾದ ಶಿಷ್ಯದ್ರೋಹ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ನಿರಂತರವೂ ವ್ಯಾಪಕವೂ ಆದ ಮೌಲ್ಯಮಾಪನವನ್ನು ವಿಧಿಸಿದ್ದರ ಹಿಂದೆ ಇರುವದು ಈ ಎರಡನೆಯ ಲೆಕ್ಕದ ತತ್ತ್ವವೇ. ಅದನ್ನು ಬರಿಯ ಕೋಷ್ಟಕಗಳನ್ನು ತುಂಬುವ ಕೆಲಸವೆಂದು ತಿಳಿದರೆ ಕಣ್ಣು ಮುಚ್ಚಿ ಲೆಕ್ಕವಷ್ಟೇ ಉಳಿಯುವದು.

ಈ ಎರಡರ ಹೊರಗೆ ಇನ್ನೊಂದು ಹೊಣೆಯುಂಟು. ಅದು ಉಪಾಧ್ಯಾಯನೊಬ್ಬನದಲ್ಲ, ಸಮಾಜದ್ದು. ತಕ್ಕಡಿಯು ತೋರಿಸಿದ ಕೊರತೆಯನ್ನು ಕಂಡು ತಕ್ಕಡಿಯನ್ನು ಒಡೆಯಹೊರಟವನು ೧೩೯೭ರ ಅರಸನು; ಕೊರತೆಯಿದ್ದ ಕಡೆಗೆ ಅವಕಾಶವನ್ನು ಒಯ್ದವರು ಅವನ ತರುವಾಯದವರು. ಪ್ರಸಾದನಿಲಯಗಳನ್ನು ಕಟ್ಟಿದ ಶಿವಯೋಗಿಗಳು ನಡೆದದ್ದು ಈ ಎರಡನೆಯ ದಾರಿಯನ್ನೇ. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರು ಕಾಯಕವು ಶುದ್ಧವಾಗಿರಲೇಬೇಕೆಂಬದನ್ನೂ ಅಷ್ಟೇ ಬಲವಾಗಿ ಸಾರಿದರು. ಮಾಡುವವರೆಲ್ಲರೂ ಸಮಾನರು, ಮಾಡಿದ್ದೆಲ್ಲವೂ ಸಮಾನವಲ್ಲ: ಈ ಎರಡು ಮಾತುಗಳನ್ನು ಒಂದೇ ಮನಸ್ಸಿನಲ್ಲಿ ಹಿಡಿಯಬಲ್ಲವನೇ ನಿಜವಾದ ಪರೀಕ್ಷಕನು.

ಶ್ರೀಮಠದ ಆಶ್ರಯದಲ್ಲಿ ಕಲಿತು ಇಂದು ನಾಡಿನ ಶಾಲೆಗಳಲ್ಲಿ ಉಪಾಧ್ಯಾಯರಾಗಿರುವ ಸದ್ಭಕ್ತರು ಬಹು ಮಂದಿ. ಅವರ ಮೇಜಿನ ಮೇಲೆ ರಾಶಿಬಿದ್ದ ವಹಿಗಳಲ್ಲಿ ಪ್ರತಿಯೊಂದೂ ಒಂದು ಮನೆಯ ಆಸೆಯನ್ನು ಹೊತ್ತು ಬಂದಿರುವದು. ಅವುಗಳನ್ನು ತೂಗುವಾಗ ಕೈಗೆ ಸ್ಥಿರತೆಯನ್ನೂ, ತಿದ್ದುವಾಗ ಕಣ್ಣಿಗೆ ವಾತ್ಸಲ್ಯವನ್ನೂ ಪರಶಿವನು ಅವರಿಗೆ ಕರುಣಿಸಲಿ.